ಜೈಲಾಸ್ಪತ್ರೆಯಲ್ಲಿ ಪಳಗಿದ ಕೈಗೆ ಸರ್ಟಿಫಿಕೇಟು ಕೊಡೋರು ಯಾರು?

೧

ಹೊಸೂರು ರಸ್ತೆಯ ಚರಿತ್ರೆ ಬರೆಯುವವರು ಅದನ್ನು ಕಂಪನಿಗಳ ಚರಿತ್ರೆ, ಫ್ಲೈಓವರಿನ ಚರಿತ್ರೆ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ನಾವು ಅದೇ ರಸ್ತೆಯನ್ನು ಬೇರೆ ಕಡೆಯಿಂದ ನೋಡಬೇಕಾಗಿದೆ. ವಿಲ್ಸನ್ ಗಾರ್ಡನ್ ದಾಟುತ್ತಿದ್ದ ಹಾಗೇ ಸುಡುಗಾಡು. ಅದರ ಆಚೆಗೆ ಲಕ್ಕಸಂದ್ರದ ಸುತ್ತಮುತ್ತ ನಿಮ್ಹಾನ್ಸ್, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಕ್ಷಯ ಮತ್ತು ಎದೆರೋಗಗಳ ಆಸ್ಪತ್ರೆ, ಮಕ್ಕಳ ಆಸ್ಪತ್ರೆ, ಸಂಜಯ್ ಗಾಂಧಿ ಅಪಘಾತ ಆಸ್ಪತ್ರೆ. ಅವುಗಳ ಮಗ್ಗುಲಲ್ಲೇ ಸರ್ಕಾರಿ ಬಾಲಮಂದಿರ, ರಾಜ್ಯ ಮಹಿಳಾ ನಿಲಯ. ಇನ್ನೂ ಹತ್ತು-ಹದಿನೈದು ಕಿಲೋಮೀಟರು ಹೋಗಿ ಒಳಕ್ಕೆ ತಿರುಗಿದರೆ ಪರಪ್ಪನ ಅಗ್ರಹಾರದ ಸೆಂಟ್ರಲ್ ಜೈಲು.

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯಿಂದ ರೋಗಿಗಳನ್ನು ಕರೆತಂದ ಬಡವರು ವಿಲ್ಸನ್ ಗಾರ್ಡನ್ ಸುತ್ತಿನ ಸಣ್ಣ ರೂಮುಗಳಲ್ಲಿ, ಆಸ್ಪತ್ರೆ ಕಾಂಪೌಂಡುಗಳ ಮರದ ಕೆಳಗೆ ದಿನ ನೂಕುತ್ತಾರೆ. ಅವರಿಗೆ ಡಾಕ್ಟರು ಸಿಗೋದು ಐದು ನಿಮಿಷ. ಮಿಕ್ಕ ಇಪ್ಪತ್ತಮೂರು ಗಂಟೆ ಐವತ್ತೈದು ನಿಮಿಷ ಸಿಗೋದು ವಾರ್ಡ್ ಬಾಯ್, ಆಯಾ, ಸ್ಟ್ರೆಚರ್ ತಳ್ಳುವವನು, ಗಾಯದ ಬಟ್ಟೆ ಬದಲಾಯಿಸುವವಳು. ಆಸ್ಪತ್ರೆ ಅನ್ನೋದು ನಡೀತಿರೋದೇ ಈ ಕೈಗಳಿಂದ. ಈ ಕೈಗಳು ಯಾವ ಕೇರಿಯಿಂದ ಬಂದಾವೆ ಅಂತ ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು. ರಸ್ತೆಯ ಆ ತುದಿಯಲ್ಲಿರುವ ಜೈಲಿನೊಳಗೂ ಒಂದು ಆಸ್ಪತ್ರೆ ಇದೆ. ಜೈಲಾಸ್ಪತ್ರೆಗಳಲ್ಲಿ ರೋಗಿಯನ್ನು ಎತ್ತಿ ಕೂರಿಸಿದ್ದು, ವಾಂತಿ ಬಳಿದದ್ದು, ಮಾತ್ರೆ ನುಂಗಿಸಿದ್ದು ಹಿಂದಿನಿಂದಲೂ ಬಹುಪಾಲು ಕೈದಿಗಳೇ.

ನಮ್ಮ ಪ್ರಶ್ನೆ ಇಷ್ಟು: ಜೈಲಿನಲ್ಲಿ ಹತ್ತು ವರ್ಷ ರೋಗಿಗಳ ಸೇವೆ ಮಾಡಿ ಪಳಗಿದ ಒಬ್ಬ ಮನುಷ್ಯ ಬಿಡುಗಡೆಯಾಗಿ ಬಂದಾಗ, ಇದೇ ರಸ್ತೆಯ ಈ ತುದಿಯಲ್ಲಿರುವ ಆಸ್ಪತ್ರೆಯೊಳಕ್ಕೆ ಕೆಲಸಗಾರನಾಗಿ ಯಾಕೆ ಕಾಲಿಡಲಾರ? ಇದಕ್ಕೆ ಉತ್ತರ ಹುಡುಕಬೇಕಾದರೆ ನೂರೈವತ್ತು-ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

೨

ಬ್ರಿಟಿಷರು ಕಟ್ಟಿದ ಜೈಲಿಗೆ ಸಮಾನತೆಯ ಮುಖವಾಡ ಇತ್ತು. ಕಾನೂನಿನ ಮುಂದೆ ಎಲ್ಲರೂ ಒಂದೇ, ಗೋಡೆಯೊಳಗೆ ಎಲ್ಲರೂ ಒಂದೇ ನಂಬರು. ಆದರೆ ೧೮೪೦ರ ದಶಕದಲ್ಲಿ ಬಿಹಾರದ ಜೈಲುಗಳಲ್ಲಿ ಎಲ್ಲ ಕೈದಿಗಳಿಗೂ ಒಂದೇ ಒಲೆಯ ಅಡುಗೆ ಅಂದಾಗ ಮೇಲ್ಜಾತಿಯ ಕೈದಿಗಳು ದಂಗೆ ಎದ್ದರು. ಕೊಲೆ ಮಾಡಿ ಬಂದವನಿಗೂ ಮಡಿ ಕೆಡುವ ಭಯ! ಸರ್ಕಾರ ಹಿಂದೆ ಸರಿಯಿತು. ಮುಂದೆ ಪ್ರಾಂತ್ಯಗಳ ಜೈಲು ಮ್ಯಾನುಯಲ್‌ಗಳು ಬರೆಯಲ್ಪಟ್ಟಾಗ ಜಾತಿ ಅಧಿಕೃತವಾಗಿ ಒಳಗೆ ಬಂದು ಕೂತುಕೊಂಡಿತು. ಅಡುಗೆಗೆ ಯೋಗ್ಯ ಜಾತಿಯವರು, ಕಕ್ಕಸು ಬಳಿಯಲು ಹೊರಗೂ ಅದೇ ಕೆಲಸ ಮಾಡುವ ಜಾತಿಯವರು. ಹುಟ್ಟೇ ಅರ್ಹತೆ, ಹುಟ್ಟೇ ಶಿಕ್ಷೆ.

ಇದು ಹಳೇ ಕತೆ ಅಂತ ಯಾರೂ ಸಮಾಧಾನ ಪಡಬೇಕಾಗಿಲ್ಲ. ೨೦೨೪ರ ಅಕ್ಟೋಬರ್ ೩ರಂದು ಸುಪ್ರೀಂ ಕೋರ್ಟು ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಹೂಡಿದ ದಾವೆಯಲ್ಲಿ ತೀರ್ಪು ಕೊಡುವವರೆಗೂ ಇಂಥ ನಿಯಮಗಳು ಹಲವು ರಾಜ್ಯಗಳ ಪುಸ್ತಕಗಳಲ್ಲಿ ಜೀವಂತವಾಗಿದ್ದವು. ಪಶ್ಚಿಮ ಬಂಗಾಳದ ಜೈಲು ಸಂಹಿತೆ ಗುಡಿಸುವವರನ್ನು ಮೆಹತರ್, ಹಾಡಿ, ಚಂಡಾಲ ಜಾತಿಗಳಿಂದ ಆರಿಸಿ ಅಂತ ಹೆಸರು ಹಿಡಿದೇ ಹೇಳುತ್ತಿತ್ತು. ಉತ್ತರಪ್ರದೇಶದಲ್ಲಿ ೨೦೨೨ರಲ್ಲಿ ಹೊಸದಾಗಿ ಮಾಡಿದ ಮ್ಯಾನುಯಲ್ ಕೂಡ, ಸಾದಾ ಸಜೆಯ ಕೈದಿಗೆ ಕೀಳು ಕೆಲಸ ಕೊಡಬಾರದು, ಆದರೆ ಅಂಥ ಕೆಲಸ ರೂಢಿಯಿರುವ ಸಮುದಾಯದವನಾದರೆ ಕೊಡಬಹುದು ಅನ್ನುತ್ತಿತ್ತು. ಕೋರ್ಟು ಇದನ್ನೆಲ್ಲ ಸಂವಿಧಾನಕ್ಕೆ ವಿರುದ್ಧ ಅಂದಿತು. ಕೈದಿಗಳ ರಿಜಿಸ್ಟರಿನಲ್ಲಿ ಜಾತಿಯ ಕಾಲಂ ಅಳಿಸಿ ಅಂದಿತು. ಮೂರು ತಿಂಗಳಲ್ಲಿ ಮ್ಯಾನುಯಲ್ ತಿದ್ದಿ ಅಂದಿತು. ಸಂವಿಧಾನ ಜಾರಿಗೆ ಬಂದು ಎಪ್ಪತ್ನಾಲ್ಕು ವರ್ಷ ಆದಮೇಲೆ ಅಸ್ಪೃಶ್ಯತೆ ನಿಷೇಧದ ೧೭ನೇ ವಿಧಿ ಜೈಲಿನ ಗೇಟು ದಾಟಿತು!

ನಮ್ಮ ಕರ್ನಾಟಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ೧೯೭೦ರ ದಶಕದ ಆರಂಭದಲ್ಲಿ, ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಹೊರಗಿನ ತೋಟಿಯ ತಲೆಯಿಂದ ಬುಟ್ಟಿ ಇಳಿಸಲು ಒಬ್ಬ ದಲಿತ ಮಂತ್ರಿ ಬೇಕಾಯಿತು. ಅದೇ ಬಸವಲಿಂಗಪ್ಪನವರು ೧೯೭೩ರಲ್ಲಿ ಬೂಸಾ ಪ್ರಕರಣದಲ್ಲಿ ಕುರ್ಚಿ ಬಿಡಬೇಕಾಯಿತು ಅನ್ನೋದನ್ನೂ ಮರೆಯಬಾರದು.

ಜೈಲಿನೊಳಗಿನ ಆಸ್ಪತ್ರೆಯ ಮಾತಿಗೆ ಬರೋಣ. ೧೮೯೪ರ ಕಾರಾಗೃಹ ಕಾಯಿದೆ ಪ್ರತಿ ಜೈಲಿನಲ್ಲೂ ರೋಗಿ ಕೈದಿಗಳಿಗೆ ಒಂದು ಆಸ್ಪತ್ರೆ ಅಥವಾ ತಕ್ಕ ಜಾಗ ಇರಬೇಕು ಅಂತ ವಿಧಿಸಿತು. ಡಾಕ್ಟರ ಕರ್ತವ್ಯಗಳನ್ನು ಬರೆಯಿತು. ಆದರೆ ನರ್ಸು ಯಾರು? ಅದಕ್ಕೆ ಜೈಲು ಕಂಡುಕೊಂಡ ಸುಲಭದ ದಾರಿ ಅಂದರೆ ನಡತೆ ಚೆನ್ನಾಗಿರುವ ಕೈದಿ. ಕೈದಿಯನ್ನೇ ವಾರ್ಡರ್ ಮಾಡು, ಕೈದಿಯನ್ನೇ ರಾತ್ರಿ ಕಾವಲಿಗೆ ಹಾಕು, ಕೈದಿಯನ್ನೇ ಆಸ್ಪತ್ರೆಯ ಅಟೆಂಡರು ಮಾಡು. ಪುಕ್ಕಟೆ ಕೈಗಳು. ಕೊಟ್ಟದ್ದು ಒಂದಿಷ್ಟು ದಿನದ ಶಿಕ್ಷೆ ಮಾಫಿ. ಕೊಡದೇ ಇದ್ದದ್ದು ಅವನು ಕಲಿತದ್ದಕ್ಕೆ ಒಂದು ಕಾಗದ.

ಇದೇ ಹೊತ್ತಿನಲ್ಲಿ ೧೮೭೧ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಕೆಲವು ಸಮುದಾಯಗಳನ್ನು ಹುಟ್ಟುಗಳ್ಳರು ಅಂತ ಘೋಷಿಸಿತು. ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳು ಬಂದವು. ಸುಧಾರಣೆಯ ಹೆಸರಿನಲ್ಲಿ ಅವರಿಗೆ ಕಲಿಸಿದ್ದೇನು? ಗಿರಣಿ ಕೂಲಿ, ವರ್ಕ್‌ಶಾಪಿನ ಕೂಲಿ. ೧೯೫೨ರಲ್ಲಿ ಆ ಕಾಯಿದೆ ಹೋಯಿತು. ಹುಬ್ಬಳ್ಳಿಯವರ ಬಾಯಲ್ಲಿ ಆ ಜಾಗ ಆಮೇಲೂ ‘ಸೆಟ್ಲಮೆಂಟ್’ ಆಗಿಯೇ ಉಳಿಯಿತು. ಅಂದರೆ ತರಬೇತಿ ಅನ್ನುವ ಮಾತೇ ನಮ್ಮ ಜನಕ್ಕೆ ಹೊಸದಲ್ಲ. ಯಾವ ತರಬೇತಿ, ಯಾರ ಲಾಭಕ್ಕೆ, ಎಲ್ಲಿಯವರೆಗೆ ಅನ್ನೋದೇ ಪ್ರಶ್ನೆ.

೩

ವಿಲ್ಸನ್ ಗಾರ್ಡನ್ ಪಕ್ಕದ ದೊಡ್ಡ ಆಸ್ಪತ್ರೆಯ ಚರಿತ್ರೆಗೂ ಜೈಲಿಗೂ ನಂಟಿದೆ. ಬೆಂಗಳೂರು ಪೇಟೆಯಲ್ಲಿ ೧೮೪೦ರ ದಶಕದಲ್ಲಿ ಡಾಕ್ಟರ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಕಾಲದಲ್ಲಿ ಶುರುವಾದ ಹುಚ್ಚಾಸ್ಪತ್ರೆ ೧೯೨೫ರಲ್ಲಿ ‘ಮಾನಸಿಕ ಆಸ್ಪತ್ರೆ’ ಅಂತ ಹೆಸರು ಬದಲಾಯಿಸಿಕೊಂಡಿತು. ೧೯೩೦ರ ದಶಕದಲ್ಲಿ ಲಕ್ಕಸಂದ್ರದ ಈ ಬಯಲಿಗೆ ಬಂತು. ೧೯೫೪ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ೧೯೭೪ರ ಡಿಸೆಂಬರಿನಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ೧೯೧೨ರ ಲೂನಸಿ ಕಾಯಿದೆಯ ಕಾಲದಲ್ಲಿ ರೋಗಿ ಅನ್ನೋನು ಅರ್ಧ ಕೈದಿ. ಸೇರಿಸಲು ಮ್ಯಾಜಿಸ್ಟ್ರೇಟನ ಆರ್ಡರು ಬೇಕು. ಜೈಲಿನಿಂದ ಬಂದ ‘ಕ್ರಿಮಿನಲ್ ಲೂನಟಿಕ್’ ಅಂತೂ ಎರಡೂ ಕಡೆಯ ಕೈದಿ.

ಆದರೆ ಇದೇ ಸಂಸ್ಥೆ ಇನ್ನೊಂದು ಕೆಲಸವನ್ನೂ ಮಾಡಿತು. ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಮಾನಸಿಕ ರೋಗ ಗುರುತಿಸೋದನ್ನು, ಔಷಧಿ ಬಿಡದ ಹಾಗೆ ನೋಡಿಕೊಳ್ಳೋದನ್ನು ಕಲಿಸಿ ತೋರಿಸಿತು. ದೊಡ್ಡ ಡಿಗ್ರಿ ಇಲ್ಲದವರೂ ಕಲಿಸಿದರೆ ಕಲೀತಾರೆ, ರೋಗಿಗೆ ಆಸರೆ ಆಗ್ತಾರೆ ಅಂತ ಬಳ್ಳಾರಿ ಇಡೀ ದೇಶಕ್ಕೆ ಹೇಳಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಹಳ್ಳಿಯವನಿಗೆ ಸಾಧ್ಯವಾದದ್ದು ಕೈದಿಗೆ ಯಾಕೆ ಸಾಧ್ಯವಿಲ್ಲ?

ಅದೇ ನಿಮ್ಹಾನ್ಸ್‌ನ ಡಾಕ್ಟರುಗಳು ಪರಪ್ಪನ ಅಗ್ರಹಾರದಲ್ಲಿ ೫೦೨೪ ಕೈದಿಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ ಸುಮಾರು ಎಂಬತ್ತು ಮಂದಿಗೆ ಮಾನಸಿಕ ಕಾಯಿಲೆಯೋ ಮಾದಕ ವಸ್ತುವಿನ ತೊಂದರೆಯೋ ಇತ್ತು. ಬೀಡಿ, ಸಾರಾಯಿ, ಗಾಂಜಾ ಎಲ್ಲ ಪಕ್ಕಕ್ಕಿಟ್ಟರೂ ನೂರಕ್ಕೆ ಇಪ್ಪತ್ತೇಳಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆ ಬೇಕಾದ ಮಾನಸಿಕ ಕಾಯಿಲೆ. ಇಷ್ಟು ರೋಗಿಗಳಿಗೆ ಎಷ್ಟು ಡಾಕ್ಟರು ಕೊಟ್ಟಾರು? ಮಗ್ಗುಲಲ್ಲಿ ಮಲಗಿದ ಕೈದಿಯೇ ನಿದ್ದೆ ಬಾರದವನ ಬಳಿ ಕೂರಬೇಕು, ನೇಣಿಗೆ ಹೊರಟವನನ್ನು ತಡೀಬೇಕು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯ ೧೦೩ನೇ ಕಲಂ ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಇರಬೇಕು ಅನ್ನುತ್ತದೆ. ಕಟ್ಟಡವನ್ನು ಕಾಂಟ್ರಾಕ್ಟರು ಕಟ್ಟಿಬಿಡಬಹುದು. ಕೈಗಳನ್ನು ತಯಾರು ಮಾಡಬೇಕಾಗುತ್ತದೆ.

೪

ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ೧೮೬೦ರ ದಶಕದಲ್ಲಿ ಕಟ್ಟಿದ್ದು. ಈಗ ಅದು ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕು. ನಾವು ಧರಣಿ ಕೂರುವ ಜಾಗ. ಆ ಗೋಡೆಗಳಿಗೆ ಎರಡು ನೆನಪು ಇವೆ, ಎರಡೂ ನಮ್ಮ ಮಾತಿಗೆ ಸೇರಿದವು.

ಮೊದಲನೆಯದು ತುರ್ತುಪರಿಸ್ಥಿತಿಯದು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದ ಜೈಲು ಅಂತ ಎಲ್ಲರೂ ನೆನೀತಾರೆ. ೧೯೭೬ರ ಮೇ ತಿಂಗಳಲ್ಲಿ ಬಂಧನವಾಗಿ ಎಂಟು ತಿಂಗಳು ಅಲ್ಲಿದ್ದ ಸ್ನೇಹಲತಾ ರೆಡ್ಡಿಯವರಿಗೆ ತೀವ್ರ ಉಬ್ಬಸ ಇತ್ತು. ಸರಿಯಾದ ಚಿಕಿತ್ಸೆ ಸಿಗದೆ ದೇಹ ಕರಗಿತು. ೧೯೭೭ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟರು. ಐದು ದಿನಕ್ಕೆ, ಜನವರಿ ೨೦ರಂದು ಸತ್ತರು. ದೇಶಕ್ಕೆ ಹೆಸರು ಗೊತ್ತಿದ್ದ, ಓದಿದ, ಕಲಾವಿದೆಯಾಗಿದ್ದ ಹೆಣ್ಣುಮಗಳ ಗತಿ ಇದು. ಹೆಸರಿಲ್ಲದ ಮಾದಿಗರ ಹುಡುಗನ ಉಬ್ಬಸಕ್ಕೆ ಯಾರು ಡೈರಿ ಬರೀತಾರೆ?

ಎರಡನೆಯದು ಒಂದು ಕಾಗದ. ೧೯೮೪ರ ಏಪ್ರಿಲ್ ೧೨ರಂದು ಇದೇ ಜೈಲಿನಿಂದ ರಾಮಮೂರ್ತಿ ಅನ್ನುವ ಕೈದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಿಗೆ ಕಾಗದ ಬರೆದ. ಮುಖ್ಯ ದೂರು ಕೂಲಿಯದು. ಮೈಮುರಿದು ದುಡಿದರೂ ನ್ಯಾಯವಾದ ಕೂಲಿ ಇಲ್ಲ ಅಂತ. ಜೊತೆಗೆ ತಿನ್ನಲಾಗದ ಊಟ, ಹಿಂಸೆ. ಆ ಕಾಗದವನ್ನೇ ಕೋರ್ಟು ಅರ್ಜಿ ಅಂತ ತೆಗೆದುಕೊಂಡಿತು. ತೀರ್ಪು ಬರಲು ೧೯೯೬ರ ಡಿಸೆಂಬರ್ ಆಯಿತು. ‘ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ’ ಅನ್ನುವ ಆ ತೀರ್ಪು ಭಾರತದ ಜೈಲುಗಳ ಒಂಬತ್ತು ರೋಗಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಒಂದು, ಆರೋಗ್ಯದ ಕಡೆಗಣನೆ. ಹೊರಗಿನವರಿಗೆ ಸಿಗುವ ಚಿಕಿತ್ಸೆ ಕೈದಿಗೆ ಸಿಗೋಲ್ಲ, ಹೊರಗಿನವರಿಗಿಂತ ಹೆಚ್ಚು ರೋಗ ಮಾತ್ರ ಕೈದಿಗೆ ಅಂಟುತ್ತೆ ಅನ್ನುವ ಎರಡೇಟಿನ ಕಷ್ಟವನ್ನು ಕೋರ್ಟು ಗುರುತಿಸಿತು. ಬೆಂಗಳೂರಿನ ಒಬ್ಬ ಕೈದಿಯ ಕಾಗದ ದೇಶದ ಕಾನೂನಾಯಿತು. ನಮ್ಮ ಶಾಲೆಯ ಯಾವ ಪಠ್ಯದಲ್ಲಿ ಇದು ಇದೆ?

ಕೂಲಿಯ ಮಾತು ಅಲ್ಲಿಗೆ ನಿಲ್ಲಲಿಲ್ಲ. ೧೯೯೮ರಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಠಿಣ ಸಜೆಯ ಕೈದಿಗೂ ನ್ಯಾಯವಾದ ಕೂಲಿ ಕೊಡಬೇಕು ಅಂದಿತು. ಜೈಲುಗಳಲ್ಲಿ ಕೆಲಸವನ್ನು ಕುಶಲ, ಅರೆಕುಶಲ, ಅಕುಶಲ ಅಂತ ವಿಂಗಡಿಸ್ತಾರೆ. ಮಗ್ಗ ಕುಶಲ, ಬಡಗಿತನ ಕುಶಲ. ಬೆನ್ನುಹುಣ್ಣಾಗದ ಹಾಗೆ ರೋಗಿಯನ್ನು ಮಗ್ಗುಲು ಬದಲಾಯಿಸೋದು ಯಾವ ಪಟ್ಟಿಗೆ? ಮೈಲಿಗೆ ಅಂದ ಕೆಲಸಕ್ಕೆ ಕುಶಲತೆ ಅನ್ನೋ ಹೆಸರು ಈ ದೇಶದಲ್ಲಿ ಸುಲಭಕ್ಕೆ ಸಿಕ್ಕಿದ್ದಿಲ್ಲ. ಸೂಲಗಿತ್ತಿ ನರಸಮ್ಮ ಪಾವಗಡದ ಸೀಮೆಯಲ್ಲಿ ಸಾವಿರಾರು ಹೆರಿಗೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು ೨೦೧೪ರಲ್ಲಿ, ಪದ್ಮಶ್ರೀ ೨೦೧೮ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಂಥ ನೂರಾರು ಸೂಲಗಿತ್ತಿಯರಿಗೆ ಸಿಕ್ಕಿದ್ದು ಒಂದು ಸೇರು ರಾಗಿ, ಒಂದು ಹಳೇ ಸೀರೆ.

೫

ಕಲಬುರಗಿ ಕಡೆಯ ಒಬ್ಬ ಯುವಕನ ಸುದ್ದಿ ೨೦೨೦ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂತು. ವೈದ್ಯಕೀಯ ಓದುತ್ತಿದ್ದಾಗ ಕೊಲೆ ಆರೋಪದಲ್ಲಿ ಜೈಲು ಸೇರಿದವನು. ಜೀವಾವಧಿ ಶಿಕ್ಷೆಯಾಯಿತು. ಜೈಲಾಸ್ಪತ್ರೆಯಲ್ಲಿ ಕೆಲಸ ಮಾಡಿದ. ಕ್ಷಯ ಹಿಡಿದ ಕೈದಿಗಳನ್ನು ನೋಡಿಕೊಂಡ. ೨೦೧೬ರಲ್ಲಿ ಸನ್ನಡತೆಯ ಮೇಲೆ ಬಿಡುಗಡೆಯಾಗಿ, ನಿಂತುಹೋಗಿದ್ದ ಓದನ್ನು ಮುಗಿಸಿ ಡಾಕ್ಟರಾದ. ಜನ ಕೊಂಡಾಡಿದರು. ನಾವೂ ಸಂತೋಷಪಟ್ಟೆವು. ಮನುಷ್ಯ ಬದಲಾಗ್ತಾನೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಗೆಳೆಯರೇ, ಒಂದು ಮಾತು ಗಮನಿಸಿ. ಜೈಲಿಗೆ ಹೋಗುವ ಮುಂಚೆಯೇ ಅವನಿಗೆ ಮೆಡಿಕಲ್ ಸೀಟು ಇತ್ತು. ವಾಪಸು ಹೋಗಲು ಅವನಿಗೊಂದು ಬಾಗಿಲು ಇತ್ತು. ಅವನ ಹಾಗೇ ಜೈಲಾಸ್ಪತ್ರೆಯಲ್ಲಿ ದುಡಿದು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಕೂಲಿಯ ಮಗನಿಗೆ ಯಾವ ಬಾಗಿಲು? ಅವನು ಬಿಪಿ ನೋಡಬಲ್ಲ, ಮೂರ್ಛೆ ಬಂದವನನ್ನು ಮಗ್ಗುಲಿಗೆ ಹೊರಳಿಸಬಲ್ಲ, ಕ್ಷಯದ ಮಾತ್ರೆ ಆರು ತಿಂಗಳು ತಪ್ಪದ ಹಾಗೆ ನುಂಗಿಸಬಲ್ಲ. ಹೊರಗೆ ಬಂದು ಇದನ್ನು ಹೇಳಿದರೆ ಮೊದಲ ಪ್ರಶ್ನೆ, “ಎಲ್ಲಿ ಕಲಿತೆ?” ಎರಡನೇ ಪ್ರಶ್ನೆ, “ಪೊಲೀಸ್ ವೆರಿಫಿಕೇಷನ್ ಇದೆಯಾ?” ಮೂರನೇ ಪ್ರಶ್ನೆಯೇ ಇಲ್ಲ.

ಕಾನೂನು ಕೆಲವರಿಗೆ ಬಾಗಿಲು ತೆರೆದಿದೆ. ೧೯೫೮ರ ಪ್ರೊಬೇಷನ್ ಕಾಯಿದೆಯ ೧೨ನೇ ಕಲಂ, ಪ್ರೊಬೇಷನ್ ಮೇಲೆ ಬಿಟ್ಟವನಿಗೆ ಶಿಕ್ಷೆಯ ಕಾರಣದಿಂದ ಅನರ್ಹತೆ ಅಂಟಬಾರದು ಅನ್ನುತ್ತೆ. ೨೦೧೫ರ ಬಾಲನ್ಯಾಯ ಕಾಯಿದೆಯ ೨೪ನೇ ಕಲಂ ಕಾನೂನಿನ ಸಂಘರ್ಷಕ್ಕೊಳಗಾದ ಮಗುವಿಗೂ ಬಹುಪಾಲು ಅದೇ ರಕ್ಷಣೆ ಕೊಡುತ್ತೆ. ಬಾಲಮಂದಿರದ ಹುಡುಗ ನಾಳೆ ಪಕ್ಕದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಲು ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಇರೋದು ನಮ್ಮ ತಲೆಯಲ್ಲಿ. ಆದರೆ ಪೂರ್ತಿ ಶಿಕ್ಷೆ ಅನುಭವಿಸಿ ಬಂದ ವಯಸ್ಕನಿಗೆ ಇಂಥ ಸಾಮಾನ್ಯ ಕಾನೂನು ನಮ್ಮಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ ೧೯೭೪ರಲ್ಲೇ ಬಂತು. ಸಣ್ಣ ಶಿಕ್ಷೆಗಳು ಇಷ್ಟು ವರ್ಷ ಕಳೆದಮೇಲೆ ‘ತೀರಿದವು’ ಅಂತ ಲೆಕ್ಕ. ನಮಗೆ ಜೈಲು ಕಲಿಸಿದ ಬ್ರಿಟಿಷರು ಮರೆಯೋದನ್ನು ಮಾತ್ರ ಕಲಿಸದೆ ಹೋದರು.

ಇನ್ನೊಂದು ಲೆಕ್ಕ. ೨೦೨೨ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು ೫,೭೩,೨೨೦ ಮಂದಿ. ಅವರಲ್ಲಿ ೪,೩೪,೩೦೨ ಮಂದಿ ವಿಚಾರಣಾ ಕೈದಿಗಳು, ಅಂದರೆ ತಪ್ಪು ಸಾಬೀತಾಗದವರು. ಸುಮಾರು ಐದರಲ್ಲೊಬ್ಬ ಪರಿಶಿಷ್ಟ ಜಾತಿಯವನು. ಜಾಮೀನಿಗೆ ನಿಲ್ಲಲು ಪಹಣಿ ಇರುವ ಸಂಬಂಧಿಕ ಇಲ್ಲದವನು. ಇವನಿಗೆ ಜೈಲಿನಲ್ಲಿ ಬಡಗಿತನ, ಮಗ್ಗ, ಬೇಕರಿ ಕಲಿಸಿದ ಉದಾಹರಣೆ ಬೇಕಾದಷ್ಟಿವೆ. ಆಸ್ಪತ್ರೆಯ ಕೆಲಸ ಮಾತ್ರ ಮಾಡಿಸಿಕೊಂಡರು, ಕಲಿಸಿದೆವು ಅಂತ ಒಪ್ಪಿಕೊಳ್ಳಲಿಲ್ಲ.

೬

ಬೇರೆ ದೇಶಗಳಲ್ಲಿ ಏನಾಗಿದೆ ಅಂತ ನೋಡೋಣ. ಐರ್ಲೆಂಡಿನಲ್ಲಿ ರೆಡ್ ಕ್ರಾಸ್ ೨೦೦೯ರಲ್ಲಿ ವೀಟ್‌ಫೀಲ್ಡ್ ಜೈಲಿನ ಕೈದಿಗಳಿಗೇ ಆರೋಗ್ಯ ಮತ್ತು ಪ್ರಥಮ ಚಿಕಿತ್ಸೆ ಕಲಿಸಿ ಸ್ವಯಂಸೇವಕರನ್ನಾಗಿ ಮಾಡಿತು. ಮುಂದೆ ಅದು ಆ ದೇಶದ ಎಲ್ಲ ಜೈಲುಗಳಿಗೂ ಹಬ್ಬಿತು. ಅಮೆರಿಕದ ಲೂಸಿಯಾನಾದ ಅಂಗೋಲಾ ಜೈಲು ಹಿಂದೆ ಗುಲಾಮರು ದುಡಿದ ತೋಟ. ಅಲ್ಲಿ ೧೯೯೮ರಿಂದ, ಸಾಯುವ ಕೈದಿಯ ಕೊನೆಯ ದಿನಗಳನ್ನು ನೋಡಿಕೊಳ್ಳಲು ಕೈದಿಗಳನ್ನೇ ತರಬೇತು ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ೨೦೦೬ರಲ್ಲಿ ಶುರುವಾದ ಟ್ರಾನ್ಸಿಷನ್ಸ್ ಕ್ಲಿನಿಕ್ಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜೈಲಿನಿಂದ ಬಂದ ರೋಗಿಗಳನ್ನು ನೋಡಿಕೊಳ್ಳಲು ಜೈಲಿನಲ್ಲಿದ್ದು ಬಂದವರನ್ನೇ ಸಂಬಳದ ಆರೋಗ್ಯ ಕಾರ್ಯಕರ್ತರನ್ನಾಗಿ ನೇಮಿಸಿತು. ಬಿಡುಗಡೆಯಾದವನ ಭಯ ಬಿಡುಗಡೆಯಾದವನಿಗೇ ಗೊತ್ತು ಅನ್ನೋದು ಅದರ ಸರಳ ತರ್ಕ. ಅಲ್ಲಿನ ಜೈಲುಗಳೇನು ಸ್ವರ್ಗವಲ್ಲ, ಕರಿಯರಿಂದ ತುಂಬಿದ ನರಕಗಳೇ. ಆ ನರಕದೊಳಗೂ ಈ ದಾರಿ ಹೊಳೆದಿದೆ ಅನ್ನೋದಷ್ಟೇ ನಮ್ಮ ಮಾತು.

೭

“ಕೊಲೆ ಮಾಡಿದವನ ಕೈಗೆ ನಿಮ್ಮ ತಾಯಿಯನ್ನು ಕೊಡ್ತೀರಾ?” ಅಂತ ಕೇಳುವವರು ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ತಳ್ಳಿಹಾಕಬಾರದು. ರೋಗಿ ಅಸಹಾಯಕ. ಹೆಂಗಸರು, ಮಕ್ಕಳು, ಬುದ್ಧಿ ಸ್ಥಿಮಿತ ಇಲ್ಲದವರು ಇರುವ ಕಡೆ ಎಚ್ಚರ ಬೇಕೇ ಬೇಕು. ಹೆಂಗಸರ ಮೇಲೆ, ಮಕ್ಕಳ ಮೇಲೆ ದೌರ್ಜನ್ಯ ಮಾಡಿದವನನ್ನು ವಾರ್ಡಿಗೆ ಬಿಡಿ ಅಂತ ನಾವು ಕೇಳುತ್ತಿಲ್ಲ. ಒಬ್ಬೊಬ್ಬನ ಅಪರಾಧ, ನಡತೆ, ಕಳೆದ ಕಾಲ ನೋಡಿ ತೀರ್ಮಾನ ಮಾಡಿ ಅನ್ನುತ್ತಿದ್ದೇವೆ. ಕೇಸು ಖುಲಾಸೆಯಾದವನನ್ನೂ, ಮರಳು ಕದ್ದವನನ್ನೂ, ಹೊಲದ ಬದುವಿನ ಜಗಳದಲ್ಲಿ ಕೈ ಎತ್ತಿದವನನ್ನೂ ಒಂದೇ ಗಂಟಿಗೆ ಕಟ್ಟಿ ಹೊರಗೆಸೆಯೋದು ಎಚ್ಚರ ಅಲ್ಲ, ಅಸ್ಪೃಶ್ಯತೆ. ಜೈಲಿನೊಳಗೆ ಇದೇ ಕೈಗೆ ರೋಗಿಗಳನ್ನು ಒಪ್ಪಿಸುವಾಗ ಯಾವ ಸರ್ಕಾರಕ್ಕೂ ಈ ಅನುಮಾನ ಬರಲಿಲ್ಲವಲ್ಲ! ಅಲ್ಲಿನ ರೋಗಿ ಕೈದಿ, ಅವನ ಪ್ರಾಣಕ್ಕೆ ಬೆಲೆ ಕಡಿಮೆ ಅಂತ ತಾನೆ?

ಎರಡನೇ ಅಪಾಯ ನಮ್ಮ ಕಡೆಯಿಂದಲೇ ನೋಡಬೇಕಾದ್ದು. ನಾಳೆ ಸರ್ಕಾರ ಒಪ್ಪಿ, ಜೈಲಿನಲ್ಲಿ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಅನ್ನೋ ಕೆಲವು ತಿಂಗಳ ಕೋರ್ಸು ತೆರೆದು, ಬಿಡುಗಡೆಯಾದವರನ್ನೆಲ್ಲ ಕಾಂಟ್ರಾಕ್ಟರ ಕೈಗೆ ಕೊಟ್ಟು ಬೆಡ್‌ಪ್ಯಾನ್ ಹೊರಿಸಿದರೆ? ಮೆಹತರ್ ಅನ್ನೋ ಪದ ಹೋಗಿ ಅಸಿಸ್ಟೆಂಟ್ ಅನ್ನೋ ಪದ ಬಂತು, ಅಷ್ಟೇ ಆಗುತ್ತೆ. ರೋಗಿಯ ಮಲ ಎತ್ತೋದು ಕೀಳು ಕೆಲಸ ಅಂತ ನಾವು ಹೇಳೋದಿಲ್ಲ. ತಾಯಿ ಮಾಡೋದು ಅದನ್ನೇ. ಅದನ್ನು ಹುಟ್ಟಿನಿಂದ ಒಂದೇ ಜಾತಿಗೆ ಕಟ್ಟಿಹಾಕೋದು, ಅಲ್ಲಿಂದ ಮೇಲೆ ಹತ್ತುವ ಮೆಟ್ಟಿಲನ್ನು ಮುರಿಯೋದು ಕೀಳು. ಅಟೆಂಡರಿನಿಂದ ಲ್ಯಾಬ್ ಟೆಕ್ನಿಷಿಯನ್, ಡ್ರೆಸ್ಸರಿನಿಂದ ನರ್ಸು ಆಗುವ ದಾರಿ ಇಲ್ಲದ ತರಬೇತಿ ನಮಗೆ ಬೇಡ. ಅದು ಹೊಸ ಸೆಟ್ಲಮೆಂಟು.

೮

ಆದ್ದರಿಂದ ನಮ್ಮ ಒತ್ತಾಯಗಳು ಇವು.

ಜೈಲಾಸ್ಪತ್ರೆಯಲ್ಲಿ ದುಡಿದ ಪ್ರತಿ ದಿನವೂ ದಾಖಲಾಗಬೇಕು, ಅದು ಕುಶಲ ಕೆಲಸ ಅಂತ ಕೂಲಿ ಬರಬೇಕು. ಪ್ಯಾರಾಮೆಡಿಕಲ್ ಬೋರ್ಡಿನಂಥ ಮಾನ್ಯ ಸಂಸ್ಥೆ ಜೈಲಿಗೇ ಬಂದು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡಬೇಕು. ಆ ಸರ್ಟಿಫಿಕೇಟಿನ ಮೇಲೆ ಜೈಲು ಅನ್ನೋ ಹೆಸರು ಇರಕೂಡದು. ಆ ಕೆಲಸಕ್ಕೆ ಆರಿಸುವಾಗ ಜಾತಿ ನೋಡಿದರೆ ೨೦೨೪ರ ತೀರ್ಪಿನ ಉಲ್ಲಂಘನೆ ಅಂತ ಕೇಸಾಗಬೇಕು. ಹೊಸೂರು ರಸ್ತೆಯ ಸರ್ಕಾರಿ ಆಸ್ಪತ್ರೆಗಳು ಬಿಡುಗಡೆಯಾದವರಿಗೆ, ಬಾಲಮಂದಿರ ಮತ್ತು ಮಹಿಳಾ ನಿಲಯದಿಂದ ಹೊರಬರುವವರಿಗೆ ಕಲಿಯುವ ಜಾಗ, ಖಾಯಂ ಕೆಲಸದ ದಾರಿ ಎರಡನ್ನೂ ಕೊಡಬೇಕು. ಶಿಕ್ಷೆ ತೀರಿಸಿದವನ ಮೇಲಿನ ಕಳಂಕವನ್ನೂ ತೀರಿಸುವ ಕಾನೂನು ಬರಬೇಕು.

ಇವೆಲ್ಲ ವಿಧಾನಸೌಧಕ್ಕೆ. ನಮಗೂ ಕೆಲಸ ಇದೆ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮೂರಿಗೆ ಜೈಲಿನಿಂದ ವಾಪಸು ಬಂದವನು ಹೋಟ್ಲಿನ ಹೊರಗೆ ನಿಂತಿರ್ತಾನೆ. ಅವನನ್ನು ಕರೆದು ಮುಕ್ತ ಶಾಲೆಯ ಹತ್ತನೇ ಕ್ಲಾಸಿಗೆ ಹೆಸರು ಬರೆಸಿ. ಮುಂದಿನ ಕೋರ್ಸುಗಳ ಬೀಗದ ಕೈ ಬಹುಪಾಲು ಅದೇ. ವಿದ್ಯಾರ್ಥಿಗಳೇ, ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಜೈಲಿನಲ್ಲಿ ಯಾರು ಯಾವ ಕೆಲಸ ಮಾಡ್ತಿದ್ದಾರೆ ಅಂತ ಕೇಳಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಸಂಗಾತಿಗಳೇ, ಆಸ್ಪತ್ರೆಯ ಕಾಂಟ್ರಾಕ್ಟ್ ಕೆಲಸಗಾರರ ಸಂಘಗಳು ಬಿಡುಗಡೆಯಾದವನನ್ನು ತಮ್ಮ ಕೂಲಿ ಕಸಿಯಲು ಬಂದವನು ಅಂತ ನೋಡದೆ, ತಮ್ಮವನು ಅಂತ ಸೇರಿಸಿಕೊಳ್ಳುವ ಹಾಗೆ ಮಾತಾಡಿ.

೧೯೮೪ರಲ್ಲಿ ಒಬ್ಬ ಕೈದಿ ಕೂಲಿಗಾಗಿ ಬರೆದ ಕಾಗದಕ್ಕೆ ಉತ್ತರ ಬರಲು ಹನ್ನೆರಡು ವರ್ಷ ಹಿಡಿಯಿತು. ಆ ಕಾಗದ ಕೇಳಿದ್ದು ಕೂಲಿ. ಈಗ ಕೇಳಬೇಕಾಗಿರೋದು ಕಲಿತದ್ದಕ್ಕೆ ಮಾನ್ಯತೆ. ಆ ಎರಡನೇ ಕಾಗದವನ್ನು ಒಬ್ಬ ಕೈದಿ ಒಬ್ಬನೇ ಬರೆಯುವಂತಾಗಬಾರದು, ನಾವೆಲ್ಲ ಸೇರಿ ಬರೆಯಬೇಕು.